ಅಣ್ಣನ ದನಿಯ ಸ್ವಿಚ್ಚು

ನಮ್ಮ ಅತ್ತಿಗೆ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟಿದವರಲ್ಲ. ಫ್ರಿಜ್ಜಿನ ಬಾಗಿಲಿರಲಿ, ಬಚ್ಚಲಿನ ನಲ್ಲಿಯಿರಲಿ, ಜ್ವರ ಬಂದವರ ಹಣೆಯೇ ಇರಲಿ, ಬಲಗೈಯ ಹಿಂಭಾಗವನ್ನು ಒಮ್ಮೆ ತಾಗಿಸಿ ನೋಡಿ, ಏನೂ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕೈ ತಿರುಗಿಸಿ ಹಿಡಿಯುತ್ತಾರೆ. ಕರೆಂಟು ಹರಿಯುವ ವಸ್ತುವನ್ನು ಅಂಗೈ ಮುಟ್ಟಿದರೆ ಬೆರಳುಗಳು ತಾವಾಗಿ ಮಡಚಿ ಅದನ್ನೇ ಕಚ್ಚಿಕೊಂಡುಬಿಡುತ್ತವೆ, ಹಿಂಗೈಯಾದರೆ ಸದ್ಯ ದೂರ ಸರಿಯುತ್ತದೆ ಎಂಬುದು ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲಿತ ಪಾಠ. ಮದುವೆಯಾಗಿ ಬಂದ ಶುರುವಿನಲ್ಲಿ ಇದನ್ನು ಕಂಡ ನಮ್ಮಮ್ಮ, "ಇವಳಿಗೆ ನಮ್ಮನೆ ಪಾತ್ರೆ ಮುಟ್ಟೋಕೂ ಅಸಹ್ಯವೇನೋ" ಎಂದು ಮುಖ ಊದಿಸಿಕೊಂಡು ಓಡಾಡಿದ್ದುಂಟು.

ಅತ್ತಿಗೆಯ ಉದ್ಯೋಗ ಊರಿಗೆ ನೀರು ಹಾಯಿಸುವ ಪಂಪುಮನೆಯ ನಿಯಂತ್ರಣ ಕೊಠಡಿಯಲ್ಲಿ. ಅಲ್ಲಿನ ಬೂದಿ ಬಣ್ಣದ ಕೋಟು ಮನೆಯಲ್ಲೂ ಅವರ ಮೈಮೇಲೆಯೇ ಇರುತ್ತದೆ. ಅದರ ಎದೆಯ ಜೇಬಿನಲ್ಲಿ ಹಳದಿ ಹಿಡಿಯ ಸ್ಕ್ರೂಡ್ರೈವರು. ಯಾರು ಏನೇ ಹೇಳಲಿ, ಹೇಳಿದ್ದನ್ನು ತಿರುಗಿ ಹೇಳಿ, ಸರಿಯೆಂದು ಒಪ್ಪಿಸಿಕೊಂಡ ಮೇಲೆಯೇ ಕೈಹಾಕಬೇಕೆಂಬ ಕೊಠಡಿಯ ಕಟ್ಟಳೆಯನ್ನು ಅವರು ಅಡುಗೆಮನೆಗೂ ತಂದಿದ್ದರು. ಮೇಲಿನ ಮಹಡಿಯಲ್ಲಿ ಒಂಟಿಯಾಗಿರುವ ನಾನು ಸಂಜೆ ಇಳಿದು ಬಂದು, "ಅತ್ತಿಗೆ, ಒಂದು ಟೀ, ಸಕ್ಕರೆ ಕಡಿಮೆ" ಎಂದರೆ, "ಒಂದು ಟೀ. ಸಕ್ಕರೆ ಕಡಿಮೆ. ಖಚಿತಾನಾ?" ಎನ್ನುತ್ತಿದ್ದರು.

"ಟೀ ಕೇಳಿದ್ದು ಮಾರಾಯ್ರೇ, ಅಣೆಕಟ್ಟಿನ ಬಾಗಿಲು ತೆಗೀರಿ ಅಂದಿದ್ದಲ್ಲ!"

"ಎರಡರಲ್ಲೂ ಹರಿಯೋದು ನೀರೇ ಅಲ್ವಾ" ಎಂದು ಒಲೆಯ ಕಡೆ ತಿರುಗುವರು.

ಅಣ್ಣ ಪ್ರೌಢಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಮೇಷ್ಟ್ರೆಂದರೆ ಬಾಯಿ, ಅವನ ಬಾಯಂತೂ ಊಟ ಮಾಡುವಾಗಲೂ ಸುಮ್ಮನಿದ್ದದ್ದಲ್ಲ. ಅಂಥವನ ಗಂಟಲಿನಲ್ಲಿ ಗಡ್ಡೆಯೆದ್ದು, ಶಸ್ತ್ರಚಿಕಿತ್ಸೆಯಾದರೆ ದನಿ ಉಳಿಯದು ಎಂದು ವೈದ್ಯರು ಹೇಳಿದಾಗ ನಾನೂ ಅಮ್ಮನೂ ಅತ್ತೆವು; ಅತ್ತಿಗೆ ಮಾತ್ರ ವೈದ್ಯರ ಮಾತನ್ನು ಅವರಿಗೇ ತಿರುಗಿ ಹೇಳಿ, ಖಚಿತವೇ ಎಂದು ಕೇಳಿ, ಮನೆಗೆ ಬಂದವರೇ ಅಣ್ಣನ ಮುಂದೆ ಮೈಕು ತಂದಿಟ್ಟರು. ಶಸ್ತ್ರಚಿಕಿತ್ಸೆಯ ಹಿಂದಿನ ವಾರಗಳಲ್ಲಿ ಅಣ್ಣ ಬೆಳಗಿನಿಂದ ಸಂಜೆಯವರೆಗೆ ಪಾಠದ ಪುಸ್ತಕ, ಹಳೆಯ ಪತ್ರಿಕೆ, ಕೊನೆಗೆ ಔಷಧದ ಡಬ್ಬಿಯ ಮೇಲಿನ ಸೂಚನೆಗಳನ್ನೂ ಬಿಡದೆ ಗಟ್ಟಿಯಾಗಿ ಓದಿದ. ಆ ದನಿಯನ್ನು ಕಲಿತು, ಅಣ್ಣ ಟ್ಯಾಬಿನಲ್ಲಿ ಬೆರಳಿಂದ ಬರೆದದ್ದನ್ನು ಅವನದೇ ಧಾಟಿಯಲ್ಲಿ ನುಡಿಯುವ ಯಂತ್ರವೊಂದು ಮೆಟ್ಟಿಲ ಕೆಳಗಿನ ಕೋಣೆಗೆ ಬಂತು. ಹಣ ಕಟ್ಟಿದರೆ ಈ ಕೆಲಸವನ್ನು ಎಲ್ಲೋ ದೂರದ ಕಂಪನಿಯವರು ಮಾಡಿಕೊಡುತ್ತಿದ್ದರು. ಅತ್ತಿಗೆ ಒಪ್ಪಲಿಲ್ಲ. "ಇವರ ದನಿ ಊರೂರು ಸುತ್ತೋದು ಬೇಡ, ಮನೇಲೇ ಇರ್ಲಿ" ಎಂದರು.

ಆ ಕೋಣೆಯಲ್ಲಿ ಎದೆಯೆತ್ತರದ ಕಬ್ಬಿಣದ ರ್‍ಯಾಕು. ಅದರಲ್ಲಿ ದನಿಯ ಯಂತ್ರ, ಮನೆಯ ಇಂಟರ್ನೆಟ್ಟಿನ ರೂಟರ್, ದೀಪ ಬಾಗಿಲುಗಳನ್ನೆಲ್ಲ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರು, ಇವೆಲ್ಲ ಕಾಯದಿರಲೆಂದು ಒಂದು ಫ್ಯಾನು. ಹಿಂಬದಿಯಲ್ಲಿ ಇವುಗಳಿಗೆಲ್ಲ ಕರೆಂಟು ಹಂಚುವ ಸಾಕೆಟ್ಟುಗಳ ಪಟ್ಟಿ. ಒಂದೊಂದು ಸಾಕೆಟ್ಟನ್ನೂ ಅತ್ತಿಗೆ ತಮ್ಮ ಫೋನಿನಿಂದಲೇ, ಪಂಪುಮನೆಯಲ್ಲಿ ಕೂತುಕೊಂಡೇ ಹೊತ್ತಿಸಬಲ್ಲರು, ಆರಿಸಬಲ್ಲರು. ಯಾವುದಾದರೂ ಹಟಹಿಡಿದು ನಿಂತರೆ 'ಆರಿ ಹೊತ್ತು' ಎಂಬ ಗುಂಡಿ. ಒತ್ತಿದರೆ ಫೋನು ಮೊದಲು ಆರು ಎಂಬ ಅಪ್ಪಣೆಯನ್ನೂ, ತುಸು ತಡೆದು ಹೊತ್ತು ಎಂಬ ಅಪ್ಪಣೆಯನ್ನೂ ಕಳಿಸುತ್ತದೆ. ಒಮ್ಮೆ ಯಾರೋ ನೆಂಟರು ಚಾರ್ಜರಿಗೆ ಜಾಗ ಹುಡುಕಿ ಅಲ್ಲಿನ ಪ್ಲಗ್ಗೊಂದನ್ನು ಕಿತ್ತಿದ್ದೇ ನೆಪವಾಗಿ, ಅತ್ತಿಗೆ ಆ ಪಟ್ಟಿಗೆ ತಗಡಿನ ಮುಚ್ಚಳ ಹೊಂದಿಸಿ ಮೂಲೆಮೂಲೆಗೂ ಸ್ಕ್ರೂ ಜಡಿದುಬಿಟ್ಟರು. ಅಲ್ಲಿಗೆ ಮನೆಯವರ ಕೈಗೆ ಆ ಸಾಕೆಟ್ಟುಗಳ ಋಣ ಹರಿಯಿತು.

ಬಹುಬೇಗ ಕಾಯುವ ದನಿಯ ಯಂತ್ರವನ್ನು ಅಣ್ಣ ಮಲಗಿದಾಗ ಆರಿಸಿ, ಅವನು ಏಳುವ ಮೊದಲೇ ಹೊತ್ತಿಸುವುದು ಅತ್ತಿಗೆಯ ನಿತ್ಯವ್ರತ. "ಗಂಡನ ಬಾಯಿಗೆ ಸ್ವಿಚ್ಚು ಇಟ್ಟವಳು ಲೋಕದಲ್ಲಿ ಇವಳೊಬ್ಬಳೇ" ಎಂದು ಅಣ್ಣ ಯಂತ್ರದಿಂದಲೇ ಹೇಳಿಸಿ, ಭುಜ ಕುಣಿಸುತ್ತ ಸದ್ದಿಲ್ಲದೆ ನಗುತ್ತಿದ್ದ.

ಆದರೆ ಅವರಿಬ್ಬರ ಜಗಳವೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಗೆ ಮರಳುವೆನೆಂದು ಅಣ್ಣ, ಇನ್ನೂ ಮೈಯಲ್ಲಿ ಕಸುವಿಲ್ಲ, ಬೇಡವೆಂದು ಅತ್ತಿಗೆ. ಅಣ್ಣನ ಬೆರಳು ಟಪಟಪನೆ ಓಡುತ್ತಿತ್ತು. ಯಂತ್ರಕ್ಕೆ ಸುಸ್ತೂ ಇಲ್ಲ, ಸಂಕೋಚವೂ ಇಲ್ಲ. "ನಾನು ಮೂಲೇಲಿ ಕೂತಿದ್ರೆ ನಿನಗೆ ಸುಖ. ನಾನೂ ನಿನ್ನ ರ್‍ಯಾಕಿನಲ್ಲಿರೋ ಇನ್ನೊಂದು ಡಬ್ಬ ಅಷ್ಟೇ" ಎಂದಿತು ಅವನ ದನಿ. ಅತ್ತಿಗೆ ಕೋಟಿನ ಜೇಬಿನಿಂದ ಫೋನು ತೆಗೆದರು. ಅವನ ದನಿಯ ಸ್ವಿಚ್ಚು ಇದ್ದದ್ದು ಅದರಲ್ಲೇ. ಹೆಬ್ಬೆರಳು ಪರದೆಯ ಮೇಲೆ ಸುಳಿದಾಡಿತು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಕೈಕಟ್ಟಿ ಕೂತು, ಅವನು ಆಡಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡರು. ಅಣ್ಣ ಎದ್ದು ಹೋದಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಅದೊಂದು ಕೆಲಸ ಮಾತ್ರ ನಾನು ಸತ್ತರೂ ಮಾಡಲ್ಲ ಕಣಪ್ಪಾ."

ಜಗಳದಲ್ಲಿ ಗೆದ್ದವನು ಅಣ್ಣ. ಮನೆಯಿಂದಲೇ, ಪರದೆಯ ಮೂಲಕ ಒಂದು ಪಾಠ ಮಾಡಿ ತೋರಿಸಲಿ, ಅದನ್ನು ಕಂಡಮೇಲೆ ತರಗತಿ ಕೊಡುವ ವಿಚಾರ ಎಂದರು ಮುಖ್ಯೋಪಾಧ್ಯಾಯಿನಿ. ಆ ಬೆಳಿಗ್ಗೆ ಅತ್ತಿಗೆಗೆ ರಜೆ ಸಿಗಲಿಲ್ಲ. ಹೊರಡುವ ಮುನ್ನ, ಇಂಥ ದಿನ ಧೂಳಿನಿಂದ ಏನೂ ತೊಂದರೆಯಾಗಬಾರದೆಂದು ಮುಚ್ಚಳ ಬಿಚ್ಚಿ, ಪ್ಲಗ್ಗುಗಳನ್ನೆಲ್ಲ ಕಿತ್ತು ಒರೆಸಿ, ಮತ್ತೆ ಸಿಕ್ಕಿಸಿ, ಸ್ಕ್ರೂ ಬಿಗಿದು ಬಸ್ಸಿಗೆ ಓಡಿದರು. ಎಲ್ಲವನ್ನೂ ಎರಡೆರಡು ಸಲ ಕೇಳುವ ಹೆಂಗಸು ಅವತ್ತು ತನ್ನನ್ನು ತಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಫ್ಯಾನಿನ ಪ್ಲಗ್ಗು ರೂಟರಿನ ಜಾಗದಲ್ಲೂ ರೂಟರಿನದು ಫ್ಯಾನಿನ ಜಾಗದಲ್ಲೂ ಕೂತಿದ್ದವು.

ಪಾಠ ಶುರುವಾಯಿತು. ಪರದೆಯ ತುಂಬ ಮಕ್ಕಳ ಮುಖ. ನದಿಗಳು ಮುಖಜಭೂಮಿ ಕಟ್ಟುವ ಬಗೆಯನ್ನು ಅಣ್ಣನ ದನಿ ಹಿಂದಿನ ಗತ್ತಿನಲ್ಲೇ ಹೇಳತೊಡಗಿತು. ಬಿಡದೆ ನುಡಿದು ಯಂತ್ರ ಕಾಯತೊಡಗಿತ್ತು. ಅತ್ತ ಪಂಪುಮನೆಯಲ್ಲಿ, ರ್‍ಯಾಕಿನ ಶಾಖ ಏರುತ್ತಿದೆಯೆಂದು ಅತ್ತಿಗೆಯ ಫೋನು ಸೂಚಿಸಿತು. ಫ್ಯಾನು ನಿಂತಿರಬೇಕೆಂದು ಅವರು ಫ್ಯಾನಿನ ಹೆಸರಿನ ಎದುರು 'ಆರಿ ಹೊತ್ತು' ಒತ್ತಿದರು. ಆರಿದ್ದು ರೂಟರು. ಆರು ಎಂಬ ಅಪ್ಪಣೆ ತಲುಪಿತು. ಹೊತ್ತು ಎಂಬ ಅಪ್ಪಣೆ ಬರಬೇಕಾಗಿದ್ದ ದಾರಿಯೇ ಆ ರೂಟರು. ಅಣ್ಣ ಟ್ಯಾಬಿನಲ್ಲಿ ಬರೆದದ್ದು ದನಿಯ ಯಂತ್ರಕ್ಕೆ ಹೋಗುತ್ತಿದ್ದುದೂ ಅದರ ಮೂಲಕವೇ. ನಡುನದಿಯಲ್ಲಿ ಅಣ್ಣನ ದನಿ ನಿಂತಿತು, ಮಕ್ಕಳ ಮುಖಗಳು ಮಾಯವಾದವು.

ನನ್ನ ಫೋನು ಬಡಿದುಕೊಂಡಿತು. "ಓಡು, ಓಡಪ್ಪಾ! ಫ್ಯಾನು ಅಂತ ರೂಟರ್ ಆರಿಸ್ದೆ, ನಾನೇ ಅವರ ಬಾಯಿ ಮುಚ್ಚಿಸ್ಬಿಟ್ಟೆ!" ಅತ್ತಿಗೆ ಕೂಗಿ ಫೋನಿಟ್ಟರು. ಕೆಳಗೋಡಿ ನೋಡಿದರೆ ತಗಡಿನ ಮುಚ್ಚಳ. ಸ್ಕ್ರೂಡ್ರೈವರು? ಮನೆಗಿರುವುದೊಂದು, ಅದು ಅವರ ಕೋಟಿನ ಜೇಬಿನಲ್ಲಿ! ಎಲ್ಲಾ ಬಿಟ್ಟು ಇಂಥವರ ಮೈದುನನಾದೆನಲ್ಲಾ ಎಂದು ಹಲ್ಲು ಕಡಿಯುತ್ತ, ಅಡುಗೆಮನೆಯ ಚೂರಿಯ ತುದಿಯಿಂದ ಸ್ಕ್ರೂ ತಿರುವಿ, ಹೆಬ್ಬೆರಳು ಕುಯ್ದುಕೊಂಡು, ಅಂತೂ ಮುಚ್ಚಳ ಕಿತ್ತು ರೂಟರಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಅಷ್ಟು ಹೊತ್ತೂ ಅಣ್ಣ ಕಪ್ಪು ಪರದೆಯ ಮುಂದೆ ಬೆನ್ನು ನೇರ ಮಾಡಿಕೊಂಡು ಕೂತಿದ್ದ. ಬೆರಳು ಮಾತ್ರ ಏನೋ ಬರೆಯುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಮರಳಿದ ಮೇಲೆ ಯಂತ್ರ ಅದನ್ನು ನುಡಿಯಿತು:

"ಕ್ಷಮಿಸಿ ಮಕ್ಕಳೇ. ನನ್ನ ದನಿ ಇರೋದು ನಮ್ಮನೆಯವಳ ಕೈಯಲ್ಲಿ. ಅವಳು ಕೆಲಸಕ್ಕೆ ಹೋಗಿದ್ದಾಳೆ."

ಮಕ್ಕಳು ಘೊಳ್ಳೆಂದು ನಕ್ಕರು, ಮುಖ್ಯೋಪಾಧ್ಯಾಯಿನಿಯೂ ನಕ್ಕರು. ಪಾಠ ಮುಗಿಯಿತು, ಅಣ್ಣನಿಗೆ ತರಗತಿಯೂ ಸಿಕ್ಕಿತು.

ಸಂಜೆ ಅತ್ತಿಗೆ ಬಂದಾಗ ಇದನ್ನೆಲ್ಲ ನಗೆಚಾಟಿಕೆಯಾಗಿ ಒಪ್ಪಿಸಿದೆ. ಅವರು ನಗಲಿಲ್ಲ. "'ನನ್ನ ದನಿ ಇರೋದು ನಮ್ಮನೆಯವಳ ಕೈಯಲ್ಲಿ'," ಎಂದು ಮೆಲ್ಲಗೆ ತಿರುಗಿ ಹೇಳಿದರು. "ಖಚಿತಾನಾ?"

ಹೌದೆಂದೆ. ಕೈಚೀಲವನ್ನೂ ಇಳಿಸದೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ದನಿಯ ಯಂತ್ರದ ಪ್ಲಗ್ಗನ್ನೂ ಪಟ್ಟಿಯಿಂದ ಕಿತ್ತು, ಯಾರ ಫೋನಿಗೂ ಎಟುಕದ ಗೋಡೆಯ ಸಾಕೆಟ್ಟಿಗೆ, ರೂಟರಿನ ಪಕ್ಕದಲ್ಲೇ ಸಿಕ್ಕಿಸಿದರು. ಫೋನು ತೆಗೆದು ದನಿಯ ಹೆಸರನ್ನು ಅಳಿಸಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಟ್ಯಾಬಿನಲ್ಲಿ ಬರೆದ: "ಇನ್ನು ನನ್ನ ಬಾಯಿ ಹೇಗೆ ಮುಚ್ಚಿಸ್ತೀಯೇ?"

"ಮುಚ್ಚಿಸಲ್ಲ ರೀ. ಮಾತಾಡಿ, ಎಷ್ಟಾದ್ರೂ ಮಾತಾಡಿ," ಎಂದ ಅತ್ತಿಗೆ ಅವನ ಕೊರಳಿನ ಗಾಯದ ಮೇಲೆ ಕೈಯಿಟ್ಟರು. ಹಿಂಗೈ ತಾಗಿಸಿ ನೋಡಲಿಲ್ಲ; ನೇರವಾಗಿ ಅಂಗೈಯನ್ನೇ ಇಟ್ಟರು.

ಎಲ್ಲವನ್ನೂ ತಮ್ಮ ಹಿಡಿತದಲ್ಲೇ ಇಟ್ಟುಕೊಳ್ಳುವ ಇಂಥವರನ್ನು ನಾವು ಅಧಿಕಾರದ ಆಸೆಯವರೆಂದು ಆಡಿಕೊಳ್ಳುತ್ತೇವೆ. ಹತ್ತಿರದಿಂದ ನೋಡಿದರೆ ಅವರದು ಬಹುಮಟ್ಟಿಗೆ ಭಯ, ತಾವು ಕಣ್ಣು ಮುಚ್ಚಿದ ಗಳಿಗೆಯಲ್ಲಿ ತಮ್ಮವರಿಗೆ ಏನಾದರೂ ಆದೀತೆಂಬ ಭಯ. ಆ ಭಯದಲ್ಲಿ ಮನೆಗೆಲ್ಲ ಸ್ವಿಚ್ಚು ಇಡುತ್ತಾರೆ, ಮುಚ್ಚಳ ಜಡಿಯುತ್ತಾರೆ, ನಮ್ಮ ಪ್ರಾಣ ತಿನ್ನುತ್ತಾರೆ. ಆದರೆ ಅವರಲ್ಲಿ ದೊಡ್ಡ ಮನಸ್ಸಿನವರು ಎಂದಾದರೊಮ್ಮೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡದ್ದನ್ನೇ ತಮ್ಮ ಕೈಗೆ ಸಿಗದ ಹಾಗೆ ಮಾಡಿ, ಸುಮ್ಮನೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.