ಉಸಿರು ಹಿಡಿದ ಅಕ್ಕ

ಕಡಲ ತಳದಲ್ಲಿ ಮುತ್ತು ಹೆಕ್ಕುವ ವೀರರು ನಮ್ಮಕ್ಕನನ್ನು ಕಂಡರೆ ನಾಚಿ ದಡ ಸೇರಬೇಕು. ಸೂಕ್ಷ್ಮದರ್ಶಕದ ತಿರುಪಿಗೆ ಬೆರಳಿಟ್ಟಳೆಂದರೆ ಅವಳ ಉಸಿರು ನಿಲ್ಲುತ್ತಿತ್ತು; ಗೋಡೆ ಗಡಿಯಾರವೂ ಸಂಕೋಚದಿಂದ ಮುಳ್ಳು ಸರಿಸುತ್ತಿತ್ತು. ಇಪ್ಪತ್ತೆರಡು ವರ್ಷದ ಈ ತಪಸ್ಸು ಮನೆಗೂ ಹಬ್ಬಿ, ಸೂಜಿಗೆ ದಾರ ಪೋಣಿಸುವಾಗಲೂ ಉಸಿರು ಹಿಡಿಯತೊಡಗಿದಳು. ಮದುವೆಯ ಹೊಸದರಲ್ಲಿ ಭಾವ ಗಾಬರಿಬಿದ್ದು ಎರಡು ಸಲ ಡಾಕ್ಟರಿಗೆ ಫೋನ್ ಮಾಡಿದ್ದುಂಟು.

ಇಷ್ಟೆಲ್ಲ ಎರಡು ಚುಕ್ಕಿಗಳಿಗಾಗಿ. ಜೀವಕೋಶ ಒಡೆದು ಎರಡಾಗುವ ಮುನ್ನ ಅದರೊಳಗಿನ ಸೆಂಟ್ರೋಸೋಮ್ ಎಂಬ ಜೋಡಿ ಚುಕ್ಕಿಗಳು ಪ್ರೋಟೀನುಗಳನ್ನು ಮೈಗೆ ಮೆತ್ತಿಕೊಂಡು ಹಿಗ್ಗುತ್ತವೆ, ಮಾಗುತ್ತವೆ. ಆಮೇಲೆ ಎರಡು ತುದಿಗೆ ನಿಂತು, ಎಳೆಗಳನ್ನು ಬೀಸಿ ವರ್ಣತಂತುಗಳನ್ನು ಸಮಪಾಲು ಮಾಡುತ್ತವೆ. ಮಾಗು ಎಂದು ಅಪ್ಪಣೆ ಕೊಡುವ ಕಿಣ್ವ ಯಾವುದೆಂದು ತಿಳಿದಿತ್ತು. ಸಾಕು ಎನ್ನುವವರು ಯಾರು? ಅಕ್ಕ ಒಂದು ಪ್ರೋಟೀನನ್ನು ತೋರಿಸಿ, ಇದೇ ಕಡಿವಾಣ ಎಂದಳು. ಅದನ್ನು ತೆಗೆದ ಕೋಶಗಳಲ್ಲಿ ಬಣ್ಣ ಹಾಕಿದ ಚುಕ್ಕಿ ಒಂದೂವರೆ ಪಟ್ಟು ಹೊಳೆಯುತ್ತಿತ್ತು. ಹೊಳಪು ಹೆಚ್ಚಿದಷ್ಟೂ ಮಾಗಿದ್ದು ಹೆಚ್ಚು ಎಂದು ಲೆಕ್ಕ. ಲೇಖನ ಅಚ್ಚಾಯಿತು. ಅದರಲ್ಲಿ ತಮ್ಮ ಹೆಸರನ್ನೂ ಸೇರಿಸಿಕೊಂಡಿದ್ದ ವಿಭಾಗದ ಮುಖ್ಯಸ್ಥರು, ಸೂಕ್ಷ್ಮದರ್ಶಕದ ಮುಚ್ಚಳ ತೆಗೆಯದೆ ಇಣುಕಿ ಏನೂ ಕಾಣುತ್ತಿಲ್ಲವೆಂದು ದೂರಿದ ಮಹಾನುಭಾವರು, ಸಂಶೋಧನಾಲಯದ ನಿರ್ದೇಶಕರಾದರು. ಅಕ್ಕನಿಗೆ ಸ್ವಂತ ಕೋಣೆ ಸಿಕ್ಕಿತು, ಕಿಟಕಿ ಸಮೇತ.

ಆರು ವರ್ಷದ ಮೇಲೆ ಅವಳಿಗೆ ಹಲ್ಲುನೋವು ಬಂತು. ಬೆಳಿಗ್ಗೆ ಮಾಮೂಲು ಕೋಶ, ಊಟವಾದ ಮೇಲೆ ಕಡಿವಾಣ ಕಳಚಿದ ಕೋಶ ಎನ್ನುವುದು ಅವಳ ತಪ್ಪದ ಕ್ರಮ. ಅಂದು ಬೆಳಗೆಲ್ಲ ದಂತವೈದ್ಯರ ಕುರ್ಚಿಯಲ್ಲಿ ಕಳೆದು, ಸಹೋದ್ಯೋಗಿಗಳು ಬೆಳಿಗ್ಗೆಯಿಂದ ಬಳಸುತ್ತಿದ್ದ ಅದೇ ಸೂಕ್ಷ್ಮದರ್ಶಕದಲ್ಲಿ ಮಾಮೂಲು ಕೋಶಗಳನ್ನು ಮಧ್ಯಾಹ್ನ ಅಳೆದಳು. ಅವೂ ಒಂದೂವರೆ ಪಟ್ಟು ಹೊಳೆದವು. ತಾನಾಗಿ ಹೊಳಪು ಬದಲಿಸದ ಬಣ್ಣದ ಗಾಜಿನ ಚೂರೊಂದನ್ನು ಇಟ್ಟು ಮೂರು ದಿನ ಗಂಟೆಗೊಮ್ಮೆ ಅಳೆದಳು: ಬೆಳಿಗ್ಗೆ ನೂರು, ಮಧ್ಯಾಹ್ನ ನೂರೈವತ್ತು. ಯಂತ್ರದ ದೀಪ ಉರಿದಷ್ಟೂ ಪ್ರಖರವಾಗುತ್ತಿತ್ತು. ಜಗತ್ತು ತಲೆದೂಗಿದ ಆ ಹೆಚ್ಚಿನ ಹೊಳಪು ದೀಪದ್ದು.

ಲೇಖನ ಹಿಂದಕ್ಕೆ ಪಡೆಯಬೇಕೆಂದು ನಿರ್ದೇಶಕರ ಬಳಿ ಹೋದಳು.

"ಹಲ್ಲು ಕೀಳಿಸೋಕೆ ಹೋದವರು ಹಲ್ಲು ಮಾತ್ರ ಕೀಳಿಸ್ಕೊಂಡು ಬರಬೇಕಿತ್ತು, ಮೇಡಂ" ಎಂದರಂತೆ ಅವರು.

ಅಕ್ಕ ಲೇಖನ ಅಚ್ಚಾದ ಪತ್ರಿಕೆಗೆ ತಾನೇ ಬರೆದಳು. ಅಳತೆಯ ಬಗ್ಗೆ ನನಗೇನೂ ಗೊತ್ತಿರಲಿಲ್ಲ ಎಂದು ನಿರ್ದೇಶಕರು ಸಾರಿದರು. ವೃತ್ತಿಜೀವನದಲ್ಲಿ ಅವರಾಡಿದ ಮೊದಲ ನಿಜ. ಮರುತಿಂಗಳು ಪ್ರಾಮಾಣಿಕತೆಯ ಕುರಿತು ಉಪನ್ಯಾಸವನ್ನೂ ಕೊಟ್ಟರು, ಶಾಲು ಹೊದಿಸಿಕೊಂಡರು. ಅಕ್ಕನ ಕೋಣೆಗೆ ಮುರಿದ ಕುರ್ಚಿಗಳು ಬಂದವು. ಅವಳ ಮೇಜು ಗಾಜಿನ ಪಾತ್ರೆ ತೊಳೆಯುವಲ್ಲಿಗೆ ಹೋಯಿತು. ಲಿಫ್ಟಿನಲ್ಲಿ ಅವಳನ್ನು ಕಂಡರೆ ಐದನೆಯ ಮಹಡಿಯವರೂ ವ್ಯಾಯಾಮಪ್ರಿಯರಾಗಿ ಮೆಟ್ಟಿಲು ಹಿಡಿದರು.

ತಮ್ಮ ತಪ್ಪನ್ನು ತಾವೇ ಹಿಡಿದು, ತಾವೇ ದೂರು ಕೊಟ್ಟು, ಶಿಕ್ಷೆಯನ್ನೂ ತಾವೇ ಉಣ್ಣುವ ಒಂದು ಕುಲವಿದೆ. ಅವರ ಹೆಗಲ ಮೇಲೆ ಜ್ಞಾನ ನಿಂತಿದೆ, ಅವರ ಕುರ್ಚಿಯ ಮೇಲೆ ಇನ್ಯಾರೋ ಕೂತಿದ್ದಾರೆ. ಈ ಮಾತನ್ನು ಊಟದ ಮೇಜಿನಲ್ಲಿ ಹೇಳಿ ಮುಗಿಸಿ ಕೇಳಿದೆ:

"ಬಾಯಿ ಮುಚ್ಕೊಂಡಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಅಕ್ಕಾ? ಸತ್ಯಕ್ಕೋಸ್ಕರ ಇಷ್ಟೊಂದಾ?"

"ಸತ್ಯ ಗಿತ್ಯ ಏನಿಲ್ಲ ಕಣೋ. ಆ ಪ್ರೋಟೀನ್ ನಂಬ್ಕೊಂಡು ಇನ್ಯಾರೋ ನಾಲ್ಕು ವರ್ಷ ಬಗ್ಗಿ ಅಳೀತಾ ಕೂರ್ತಿದ್ರು. ಕುತ್ತಿಗೆ ನೋಯುತ್ತೆ."