ತುಂಬಿದ ಖಣಿಗೆ ಉಡಿ

ನೀರು ಉಬ್ಬುತ್ತಿದೆ, ಉಕ್ಕುವ ಮೊದಲು ಹಾಲು ಉಬ್ಬುತ್ತದಲ್ಲ ಹಾಗೆ, ಒಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಕೆಂಪಗೆ, ಮೊಮ್ಮಗಳನ್ನು ಕಂಡ ಮುದುಕಿ ನಾನು, ಆದರೂ ಇಲ್ಲೇ ಕುಣಿದುಬಿಡಬೇಕು ಅನಿಸುತ್ತಿದೆ — ಯಾಕೆಂದರೆ ಇದು ನಮ್ಮ ಖಣಿ, ನನ್ನ ಗಂಡ ಶಂಕರೆಪ್ಪ ಮೈ ಮುರಿದು ಫರಸಿ ಕಲ್ಲು ಎಬ್ಬಿಸಿದ ಖಣಿ, ಕಲ್ಲು ತೀರಿದ ಮೇಲೆ ಹಾವು ಚೇಳು ಬಿಟ್ಟರೆ ಯಾರೂ ಇಳಿಯದ ಕುಣಿ, ರಾಮದುರ್ಗದ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ಓವರ್ಸಿಯರ್ ತ್ರ್ಯಂಬಕರಾಯರು ಇದರ ದಂಡೆಗೆ ನಿಂತು, ಇದಕ್ಕೊಂದು ಒಡ್ಡು ಹಾಕಿದ್ರ ಛಲೋ ಕೆರಿ ಆಗ್ತದ್ರಿ, ಎಂದಾಗ ಊರೆಲ್ಲ ನಕ್ಕಿತ್ತು, ನಗಲಿ, ಈಗ ಬಂದು ನೋಡಲಿ. ನನ್ನ ತಲೆಯ ಮೇಲೆ ಬುಟ್ಟಿ, ಅದರಲ್ಲಿ ಹಸಿರು ಇಳಕಲ್ಲ ಸೀರೆ, ಕುಬಸದ ಖಣ, ಬಳೆ, ಅಕ್ಕಿ, ಕೊಬ್ಬರಿ, ಉತ್ತತ್ತಿ — ಮೊದಲ ಸಲ ತುಂಬಿದ ಗಂಗವ್ವನಿಗೆ ಉಡಿ ತುಂಬುವುದು ಚನ್ನವ್ವನ ಕೈಯಿಂದಲೇ ಎಂದು ಗೌಡರು ಹೇಳಿದ್ದಾರೆ, ಎದೆ ಹೇಗೆ ಹೊಡೆದುಕೊಳ್ಳುತ್ತಿದೆ, ಮದುವೆಯ ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ. ಉಡಿ ತುಂಬದೆ ನೀರು ಕೋಡಿ ದಾಟಬಾರದು, ಬರಿ ಉಡಿಯಲ್ಲಿ ಕಳಿಸಿದರೆ ಗಂಗವ್ವ ನಮ್ಮ ಉಡಿಯಲ್ಲಿದ್ದುದನ್ನೇ ಕೇಳುತ್ತಾಳೆ ಎಂದು ನಮ್ಮತ್ತೆ ಹೇಳುತ್ತಿದ್ದಳು, ಅದಕ್ಕೇ ನಿನ್ನೆ ಗಂಡಸರು ಕೋಡಿಯ ಬಾಯಿಗೆ ಕಲ್ಲು, ಮಣ್ಣಿನ ಚೀಲ ಜಡಿದು ನೀರು ತಡೆದರು, ಸವದತ್ತಿಯಿಂದ ಪೂಜಿ ಮಾಡೂ ಅಯ್ನಾರು ಬರೂತನಕ ನಿಂದರಲಿ ಅಂದರು ಬಸವಣ್ಣೆಪ್ಪ ಗೌಡರು, ನಾನೂ ಹೌದ್ರಿ ಎಂದು ಗೋಣು ಹಾಕಿದೆ. ಓವರ್ಸಿಯರ್ ಸಾಹೇಬರು ಮಾತ್ರ ಹೋಗುವಾಗ ಕೈ ಮುಗಿದು ಹೇಳಿದ್ದರು, ಖಣಿಯ ಪುಡಿಗಲ್ಲು ಮಣ್ಣಿನ ಒಡ್ಡು ಅದ, ಇನ್ನೂ ಗಟ್ಟಿಯಾಗಿ ಕುಂತಿಲ್ಲ, ಹೆಚ್ಚಿನ ನೀರು ಕೋಡಿ ಹಾದು ನಾಲಾಕ್ಕ ಹೋಗಲೇಬೇಕು, ಅದರ ಬಾಯಾಗ ಹುಲ್ಲುಕಡ್ಡಿ ಸೈತ ಇಡಬ್ಯಾಡ್ರಿ — ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆವು.

ಒಂದು ದಿನ, ಆ ಒಂದು ದಿನದಲ್ಲೇ ಸಿರಸಂಗಿ ಕಡೆಯ ಮೋಡ ಹರಿದುಕೊಂಡು ಬಿದ್ದಿದೆ, ಬೆಳಗಿನಿಂದ ನೀರು ಏರುತ್ತಲೇ ಇದೆ, ಹುಡುಗರು ಕೇಕೆ ಹಾಕುತ್ತಿದ್ದಾರೆ, ನಾನೂ ನಗುತ್ತಿದ್ದೇನೆ, ನಗುತ್ತ ಒಡ್ಡಿನ ಆಚೆ ಮಗ್ಗುಲು ನೋಡುತ್ತೇನೆ — ಅಲ್ಲಿ ಕೆಳಗೆ ನಮ್ಮ ಓಣಿ, ನಮ್ಮ ಮಾಳಿಗೆ, ಮಾಳಿಗೆಯ ಬೆಳಕಿಂಡಿಯಿಂದ ಹೊಗೆ, ಬಾಣಂತಿ ಕೋಣೆಯ ಕೆಂಡದ ಹೊಗೆ, ಮಗಳು ಯಲ್ಲವ್ವ ಕೂಸಿಗೆ ಲೋಬಾನ ಹಿಡಿಯುತ್ತಿರಬೇಕು, ಮುಷ್ಟಿಯಷ್ಟೇ ಮುಖ ಅದಕ್ಕೆ, ಮೂಗು ಮಾತ್ರ ನನ್ನದೇ. ಹೊಗೆಗೂ ನನಗೂ ನಡುವೆ ಒಡ್ಡಿನ ಇಳಿಜಾರು ತೊಯ್ದಿದೆ, ಮಳೆಯಿಂದಲ್ಲ, ಮಳೆ ಎಲ್ಲ ಕಡೆಗೂ ಬೀಳುತ್ತದೆ, ಇದು ಒಂದೇ ಜಾಗ, ಅಲ್ಲಿಂದ ನೀರು ಒಸರುತ್ತಿದೆ, ಮೊದಲು ತಿಳಿಯಾಗಿತ್ತು, ಈಗ ಕೆಂಪಗಿದೆ, ಕೆಂಪಗಿದೆ ಅಂದರೆ ಒಳಗಿನ ಮಣ್ಣು ಹೊತ್ತು ಬರುತ್ತಿದೆ, ರೀ, ಇಲ್ಲಿ ನೋಡ್ರಿ. ಗಂಡ ನೋಡಿದ, ಗೌಡ್ರ, ಕೋಡಿ ತೆಗೀಬೇಕು ಅಂದ. ಗೌಡರು ನೋಡಿದ್ದು ಹಳ್ಳದ ಕಡೆಗೆ, ಅಯ್ನಾರ ಚಕ್ಕಡಿ ಹಳ್ಳದ ಆಚೀಕ ನಿಂತೈತಂತ, ನೀರ ಇಳಿದ ಕೂಡ್ಲೇ ಬರತಾರ, ಸ್ವಲ್ಪ ತಡೀರಿ. ಹಾಗಾದರೆ ನಾನೇ ಈಗಲೇ ಉಡಿ ತುಂಬತೇನ್ರಿ ಅಂದೆ, ಅಯ್ನಾರಿಲ್ಲದ ಹೆಂಗ ನಡೀತೈತಿ ಚನ್ನವ್ವಾ, ಊರಿಗೆ ಒಳ್ಳೇದಲ್ಲ ಅಂದರು. ಕೆಂಪು ನೀರು ಬೆರಳಿನ ಗಾತ್ರ ಇದ್ದದ್ದು ಮುಂಗೈ ಗಾತ್ರವಾಯಿತು, ಬೆಳಕಿಂಡಿಯ ಹೊಗೆ ನೆಟ್ಟಗೆ ಏರುತ್ತಿದೆ, ಏನೂ ತಿಳಿಯದ ಹೊಗೆ, ತಡೆದರೆ ಒಡ್ಡು ಕೂಸನ್ನು ಒಯ್ಯುತ್ತದೆ, ಬಿಟ್ಟರೆ ಗಂಗವ್ವ ಕೇಳುತ್ತಾಳೆ, ಎರಡು ಕಡೆಗೂ ಅದೇ ಕೂಸು — ಸಿಟ್ಟು ಬಂತು, ಗೌಡರ ಮೇಲೆ, ಅಯ್ನಾರ ಮೇಲೆ, ಗಂಗವ್ವನ ಮೇಲೂ ಬಂತು.

ಹಿಡೀರಿ ಇದನ್ನ, ಬುಟ್ಟಿ ಗಂಡನ ಕೈಗೆ ತುರುಕಿದೆ, ಕಚ್ಚೆ ಬಿಗಿದು ಕೋಡಿಗೆ ಇಳಿದೆ, ನೀರು ಸೊಂಟಕ್ಕೆ, ತಂಪು, ಎಂಥ ತಂಪು, ಚನ್ನವ್ವಾ, ಬರಿ ಉಡೀಲೆ ಕಳಸ್ತೀ ಏನ ಆಕೀನ್ನ, ಗೌಡರು ದಂಡೆಯಿಂದ ಕೂಗಿದರು, ಹೌದ್ರಿ, ಕಳಸತೇನಿ, ಸಿಟ್ಟಾದರ ನನ್ನ ಮ್ಯಾಲ ಆಗಲಿ, ಕೂಸಿನ ಮ್ಯಾಲ ಬ್ಯಾಡ, ಮೊದಲ ಚೀಲ ಜಗ್ಗಿದೆ, ಬಳೆ ಒಡೆಯಿತು, ಇನ್ನೊಂದು ಚೀಲ ಜಗ್ಗುವಾಗ ನನ್ನ ಪಕ್ಕದಲ್ಲಿ ನಮ್ಮ ಓಣಿಯ ಭರಮಪ್ಪನ ಕೈ, ಆಮೇಲೆ ಯಾರ್ಯಾರದೋ ಕೈ, ಕಡೆಗೆ ಗೌಡರದೂ, ಧೋತರ ಮೇಲೆ ಕಟ್ಟಿ, ಕಲ್ಲು ಉರುಳಿದವು, ನೀರು ಒಮ್ಮೆಲೇ ನುಗ್ಗಿತು, ಕಾಲು ಕಿತ್ತಿತು, ಭರಮಪ್ಪ ರಟ್ಟೆ ಹಿಡಿದು ದಂಡೆಗೆ ಎಳೆದ, ನೀರು ಹೋಗುತ್ತಿದೆ, ನಾಲಾ ತುಂಬಿ ಓಣಿ ಬಿಟ್ಟು ಆಚೆ ಕಡೆಗೆ ಹೋಗುತ್ತಿದೆ, ಅಳುತ್ತಿದ್ದೇನೋ ನಗುತ್ತಿದ್ದೇನೋ — ತಿರುಗಿ ನೋಡಿದರೆ ಗಂಡ ಬುಟ್ಟಿ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿದ್ದಾನೆ, ಕಲ್ಲು ಒಡೆದ ಆ ಕೈಯಿಂದ ಬೊಗಸೆ ಬೊಗಸೆ ಅಕ್ಕಿ ನೀರಿಗೆ ಬಿಡುತ್ತಿದ್ದಾನೆ, ಕೊಬ್ಬರಿ ಬಿಟ್ಟ, ಉತ್ತತ್ತಿ ಬಿಟ್ಟ, ಸೀರೆ ಬಿಟ್ಟ, ಗಂಡಸು ಉಡಿ ತುಂಬುವುದುಂಟೇ, ಅರಿಷಿಣ ಕುಂಕುಮ ಮರೆತೇಬಿಟ್ಟಿದ್ದಾನೆ, ತಗೋ ಯವ್ವಾ, ಅಷ್ಟೇ ಗೊತ್ತು ಅವನಿಗೆ, ತಗೋ ಯವ್ವಾ, ತಗೋ. ಯಾರೂ ನಗಲಿಲ್ಲ. ಇಳಿಜಾರಿನಲ್ಲಿ ಕೆಂಪು ನೀರು ಸಣ್ಣದಾಗುತ್ತಿದೆಯೋ ಇಲ್ಲವೋ, ಆಕೆ ತಗೊಂಡಳೋ ಇಲ್ಲವೋ, ಯಾರನ್ನು ಕೇಳಲಿ, ಇನ್ನು ದಿನಾ ಬೆಳಗಾದರೆ ಇಲ್ಲಿಗೆ ಬಂದು ನೋಡುತ್ತೇನೆ, ನೋಡದೆ ತುತ್ತು ಇಳಿಯದು, ಈಗಂತೂ ಬರುತ್ತಿದೆ, ತೆಳ್ಳಗೆ, ಬೆಳ್ಳಗೆ, ಬೆಳಕಿಂಡಿಯಿಂದ ಹೊಗೆ, ಹೊಗೆ —