ಶೋ ಅಂದರ ಏನು

ಗೋಡೆಗೆ ಆನಿಸಿ ಕೂರಿಸಿದ್ದ, ತೀರಿಹೋದ ಅತ್ತೆ ಸಕ್ರವ್ವನ ಸೆಟೆದ ಕೈಗೆ ಕವಿತಾ ಸಬಕಾರದ ನೊರೆ ಹಚ್ಚಿ ಹಸಿರು ಬಳೆ ಏರಿಸುತ್ತಿದ್ದಳು. ಬೆರಳ ಗಂಟು ದಾಟುವಾಗ ಒಂದು ಬಳೆ ಒಡೆಯಿತು. ಚೂರನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡಳು.

ಕೊನೆಯ ಬಳೆ ಏರಿದ ಮೇಲೆ ಪಕ್ಕದ ಮನೆಯ ರೇಣುಕವ್ವ ಕೇಳಿದಳು, "ಭಜನಿಯವರು ಇನ್ನೂ ಬರಲಿಲ್ಲೇನು?"

"ರೋಣದ ಕಡೆ ಹೋಗ್ಯಾರಂತ. ಅವರು ಬರೋದು ಸಂಜೀಕೇ," ಎಂದಳು ಮಾಬೂಬಿ. ಅವಳು ಮತ್ತು ಸಕ್ರವ್ವ ಒಂದೇ ಸಾಲಿನಲ್ಲಿ ಕಳೆ ತೆಗೆಯುತ್ತ ಮುದುಕಿಯರಾದವರು. "ಊರಾಗಿನ ಮದಿವಿಗೆಲ್ಲಾ ಹಾಡಿದಾಕಿ. ಇಂದು ಆಕಿ ಮುಂದ ಹಾಡಾಕ ಒಬ್ಬರೂ ಇಲ್ಲ ನೋಡು."

ಕವಿತಾ ತಲೆಯೆತ್ತಿದಳು. "ನಮ್ಮತ್ತಿ ಹಾಡ್ತಿದ್ದರಾ?"

"ಹಾಡ್ತಿದ್ದರಾ ಅಂತ ಕೇಳ್ತಿಯಲ್ಲ. ಆಕಿ ಹಾಡು ಕೇಳ್ಕೋತ ನಿಂತು ನನ್ನ ಮಗ ನಿಜಾಮುದ್ದೀನ ಚಹಾದ ಭಾಂಡೆ ಸುಟ್ಟಿದ್ದ. ಅವಂಗ ಬೈದು, ನಾನೂ ಕೇಳ್ಕೋತ ನಿಂತಿದ್ದೆ."

ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕವಿತಾ ಈ ಮನೆಗೆ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಹಾಡಿನ ಒಂದು ಸೊಲ್ಲೂ ಕೇಳಿರಲಿಲ್ಲ. ಅವಳು ಕಂಡ ಸಕ್ರವ್ವ ಬೇರೆ. ಯಾರ ಮನೆಗೆ ಹೋದರೂ ಒಳಗೆ ಕಾಲಿಡದೆ ಕಟ್ಟೆಯ ಮೇಲೇ ಕೂರುವವಳು. ಹೊರಡುವಾಗ ಎಲ್ಲರ ಎದುರು ಸೆರಗು ಝಾಡಿಸುವವಳು. ಧೂಳಿಗೆ ಹೇಸುತ್ತಾಳೆಂದು ಕವಿತಾ ತಿಳಿದಿದ್ದಳು.

*

ಕವಿತಾ ಸೊಸೆಯಾಗಿ ಬರುವುದಕ್ಕೂ ಮೊದಲು, ಸಕ್ರವ್ವ ಕೂಲಿಗೆ ಹೋಗುತ್ತಿದ್ದ ರಾಜೂರಿನ ತೋಟಪ್ಪನವರ ಮಗಳು ನಿರ್ಮಲಾಳ ಮದುವೆ. ಗದಗಿನಿಂದ ಆರ್ಕೆಸ್ಟ್ರಾ ಬಂದಿತ್ತು. ನಡುವೆ ಕರೆಂಟು ಹೋಗಿ ವಾದ್ಯಗಳು ನಿಂತವು. ಸುರಿಗೆ ಶಾಸ್ತ್ರಕ್ಕೆ ತಂಬಿಗೆಗಳಿಗೆ ಸುತ್ತಿದ ದಾರದ ಪಕ್ಕ ಕೂತಿದ್ದ ಸಕ್ರವ್ವ ಸುಮ್ಮನಿರಲಾರದೆ ಸೋಬಾನ ಪದ ಎತ್ತಿದಳು. ಮಾಬೂಬಿ ಸೊಲ್ಲು ಹಿಡಿದಳು. ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದು ಬಂದರು. ಫೋಟೋ ತೆಗೆಯುವವನೂ ಮದುಮಗಳನ್ನು ಬಿಟ್ಟು ಇತ್ತ ತಿರುಗಿದ.

ಕರೆಂಟು ಬಂದಾಗ ಆರ್ಕೆಸ್ಟ್ರಾದವನು ಮೈಕಿನಲ್ಲಿ, "ಸಕ್ರವ್ವ ಸ್ಟೋಲ್ ದ ಶೋ," ಎಂದು ಕೂಗಿದ. ಚಪ್ಪಾಳೆ ಬಿತ್ತು.

ಸಕ್ರವ್ವ ನಗುತ್ತಲೇ ಮದುಮಗಳ ಬಳಿ ಹೋದಳು. "ತಂಗೆವ್ವಾ, ನೀ ಕಾಲೇಜು ಕಲ್ತಾಕಿ. ಏನಂದ ಅಂವ?"

ನಿರ್ಮಲಾ ಬಾಸಿಂಗ ಸರಿಮಾಡಿಕೊಂಡಳು. "ಕದ್ದಳು ಅಂದ," ಎಂದು ಮುಖ ತಿರುಗಿಸಿದಳು.

"ಏನು ಕದ್ದೆ?"

"ಶೋ."

ಸಕ್ರವ್ವ ಹಂದರದ ನಟ್ಟನಡುವೆ ನಿಂತು ತನ್ನ ಉಡಿ ಬಿಚ್ಚಿದಳು. ಮದುವೆಯವರೇ ತುಂಬಿದ್ದ ಅಕ್ಕಿ, ಅಡಿಕೆ, ಉತ್ತತ್ತಿ ನೆಲಕ್ಕೆ ಬಿದ್ದವು. "ನೋಡ್ರಿ, ನನ್ನ ಹತ್ರ ಏನೂ ಇಲ್ಲ," ಎಂದಳು. ತಿಳಿದವರು ನಕ್ಕರು. ಅವರು ನಕ್ಕದ್ದಕ್ಕೆ ತಿಳಿಯದವರೂ ನಕ್ಕರು.

*

ಮಧ್ಯಾಹ್ನ ಗಜೇಂದ್ರಗಡದಿಂದ ನಿರ್ಮಲಾ ಮಗಳು ಪೂಜಾಳೊಂದಿಗೆ ಸಾವಿನ ಮನೆಗೆ ಬಂದಳು. ತವರಿನ ಹೊಲದಲ್ಲಿ ದುಡಿದವಳೆಂದು ಹೂವಿನ ಹಾರ ತಂದಿದ್ದಳು. ಕವಿತಾ ಅದನ್ನು ಅತ್ತೆಯ ಕೊರಳಿಗೆ ಹಾಕಿದಳು.

ಮಾಬೂಬಿಗೆ ತಡೆದುಕೊಳ್ಳಲಾಗಲಿಲ್ಲ. "ಅವ್ವಾರ, ನಿಮ್ಮ ಮದಿವ್ಯಾಗ ಕಳುವಾದ ಶೋ ಸಿಕ್ಕಿತೇನ್ರಿ?"

"ಸುಮ್ಮನಿರು, ಮಾಬೂಬಿ," ಎಂದಳು ರೇಣುಕವ್ವ.

"ಯಾಕ ಸುಮ್ಮನಿರಲಿ? ಮೊನ್ನಿ ದವಾಖಾನ್ಯಾಗ ಮಲಗಿದಾಗೂ ನನ್ನ ಕೈ ಹಿಡಕೊಂಡು ಅದನ್ನೇ ಕೇಳಿದಳು. ಶೋ ಅಂದರ ಏನು ಮಾಬೂಬಿ, ಹ್ಯಾಂಗ ಇರತೈತಿ, ನಾ ಅದನ್ನ ಕಣ್ಣೀಲೆ ಸೈತ ನೋಡಿಲ್ಲ, ಅಂತ."

"ಯಾವ ಶೋ?" ಪೂಜಾ ಕೇಳಿದಳು.

"ನಿಮ್ಮವ್ವನ ಮದಿವ್ಯಾಗ ಆಕಿ ಹಾಡಿದಾಗ ಮೈಕಿನ್ಯಾಗ ಅಂದರವ್ವಾ. ಸಕ್ರವ್ವ ಸ್ಟೋಲ್ ದ ಶೋ."

"ಅದು ಕಳವಲ್ಲರಿ, ಅಜ್ಜಿ." ಪೂಜಾ ಶಾಲೆಯಲ್ಲಿ ಉತ್ತರ ಹೇಳುವ ಹಾಗೆ ನೆಟ್ಟಗಾದಳು. "ಎಲ್ಲಾರಿಗಿಂತ ಚಲೋ ಹಾಡಿದರು ಅಂತ ಅರ್ಥ. ಬಂದವರೆಲ್ಲಾ ಅವರನ್ನ ಬಿಟ್ಟು ಬ್ಯಾರೆ ಯಾರನ್ನೂ ನೋಡಲಿಲ್ಲ ಅಂತ."

ಮಾಬೂಬಿಯ ಬಾಯಿ ತೆರೆದೇ ಇತ್ತು. "ಮನಸು ಕದ್ದಳು ಅಂತೀವಲ್ಲ, ಹಂಗೇನು?"

"ಹೌದ್ರಿ, ಹಂಗ. ಮಮ್ಮೀ, ನಿನಗ ಗೊತ್ತಿತ್ತಲ್ಲ?"

ನಿರ್ಮಲಾ ತನ್ನ ಕಾಲುಂಗುರ ನೋಡುತ್ತಿದ್ದಳು.

ಬಾಗಿಲ ಬಳಿ ಕೂತಿದ್ದ ಸಕ್ರವ್ವನ ಗಂಡ ಕಳಕಪ್ಪ ಗೋಡೆ ಹಿಡಿದು ಎದ್ದ. ಆವತ್ತು ಹಂದರದ ನೆಲದಿಂದ ಅಕ್ಕಿ ಬಳಿದುಕೊಟ್ಟು, "ಬಿಡು, ದೊಡ್ಡವರ ಮನಿ, ಬಾಯಿ ಮಾಡಬ್ಯಾಡ," ಎಂದು ಹೆಂಡತಿಯನ್ನು ಮನೆಗೆ ಕರೆತಂದಿದ್ದವನು ಅವನೇ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ನಿರ್ಮಲಾಳ ಮುಂದೆ ನಿಂತ.

"ತಂಗೆವ್ವಾ, ಆಕಿ ಆವತ್ತು ನಿಮ್ಮನ್ನೇ ಕೇಳಿದ್ದಳ್ರಿ. ನಾ ಹೇಳಿದರ ಆಕಿ ನಂಬೂದಿಲ್ಲ. ಇನ್ನೂ ಕುಂತಾಳ. ಆಕಿ ಕಿವ್ಯಾಗ ನೀವ ಒಮ್ಮಿ ಹೇಳಿಬಿಡ್ರಿ."

ನಿರ್ಮಲಾ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಪೂಜಾ ಅಮ್ಮನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಕವಿತಾ ಅತ್ತೆಯ ಕಿವಿಯ ಮೇಲೆ ಬಿದ್ದಿದ್ದ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ ಹಿಡಿದಳು.

"ಸಣ್ಣಗ ಹೇಳಿದರೂ ನಡೀತೈತ್ರಿ," ಎಂದ ಕಳಕಪ್ಪ.